ಪರಾತದಲ್ಲಿ ಮಣಿ, ಮಡಿಲಲ್ಲಿ ಕೂಸು: ಕಲಬುರಗಿಯ ಒಂದು ಮನೆ ವ್ಯಾಪಾರದ ಪ್ರಕರಣ

ಹಿನ್ನೆಲೆ

ಇದು ಕಲಬುರಗಿ ನಗರದ ಒಂದು ಮನೆಯ ಪ್ರಕರಣ. ರೇಷ್ಮೆ ನೂಲಿನ ಬಳೆ, ಮಣಿಸರ, ಕಿವಿಯೋಲೆಗಳನ್ನು ಕೈಯಿಂದಲೇ ಮಾಡಿ ಮಾರುವ ಒಬ್ಬ ತಾಯಿ. ಈ ಕಥೆ ಶುರುವಾದಾಗ ಅವರ ಕೂಸಿಗೆ ಒಂದೂವರೆ ವರ್ಷ ಆಗುತ್ತಾ ಬಂದಿತ್ತು. ಮನೆಯಿಂದಲೇ ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆ ಲೆಕ್ಕ ಬರೆಯುವುದು, ಬೆಲೆ ಹಾಕುವುದು ಹೇಳಿಕೊಡುವ ಕೆಲಸ ನನ್ನದು. ಹಾಗೆಯೇ ಅವರ ಪರಿಚಯವಾಯಿತು. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ‘ಅಕ್ಕ’ ಎಂದಷ್ಟೇ ಕರೆಯೋಣ.

ಮನೆಯಲ್ಲಿ ಅಕ್ಕ, ಗಂಡ, ಅತ್ತೆ ಮತ್ತು ಕೂಸು. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿಗೇ. ಅಕ್ಕ ಮೊದಲು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಬಸುರಿಯಾದಾಗ ಕೆಲಸ ಬಿಟ್ಟರು. ವ್ಯಾಪಾರಕ್ಕೆ ಮೊದಲ ಬಂಡವಾಳ ಕೊಟ್ಟವರು ಅತ್ತೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಅವರ ಖಾತೆಗೆ ಬರುತ್ತಿತ್ತು. ಎರಡು ಕಂತಿನ ದುಡ್ಡನ್ನು ಸೊಸೆಯ ಕೈಗಿಟ್ಟರು. ಅದರಲ್ಲಿ ಪ್ಲಾಸ್ಟಿಕ್ ಬಳೆ, ನೂಲಿನ ರೀಲು, ಕುಂದನ್ ಕಲ್ಲು, ಅಂಟು ಬಂದವು. ಆಮೇಲೆ ಗಂಡ ಕೆಲಸದ ಮೇಲೆ ಹೈದರಾಬಾದಿಗೆ ಹೋದಾಗಲೆಲ್ಲ ಬೇಗಂ ಬಜಾರಿನಿಂದ ಸಗಟು ದರದಲ್ಲಿ ಸಾಮಾನು ತಂದುಕೊಟ್ಟರು.

ಗಿರಾಕಿ ಸಿಗುವುದು ಕಷ್ಟವಾಗಲಿಲ್ಲ. ವಾಟ್ಸಾಪ್ ಸ್ಟೇಟಸ್ ನೋಡಿ ಹಳೆಯ ಶಾಲೆಯ ಟೀಚರುಗಳು ಕೇಳಿದರು. ಅವರ ಕೈಯಲ್ಲಿದ್ದ ಬಳೆ ನೋಡಿ ಇನ್ನಷ್ಟು ಜನ ಬಂದರು. ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಹೊರಡುವವರು ಸೀರೆಯ ಫೋಟೊ ಕಳಿಸಿ, ಇದೇ ಬಣ್ಣ ಬೇಕು ಎಂದರು. ಕುಬಸದ, ಅಂದರೆ ಸೀಮಂತದ ಮನೆಗಳಿಂದ ಹಸಿರು ಬಳೆಗೆ ಬೇಡಿಕೆ ಬಂತು. ದೀಪಾವಳಿ ಹೊತ್ತಿಗೆ ಅಕ್ಕನ ವಹಿ ತುಂಬಾ ಆರ್ಡರ್.

ತೊಂದರೆ ಎಲ್ಲಿತ್ತು

ವಹಿ ಬಿಡಿಸಿ ಕೂತಾಗ ಬೇರೆಯೇ ಚಿತ್ರ ಕಂಡಿತು. ಒಂದು ಸೆಟ್ ಬಳೆಯನ್ನು 180 ರೂಪಾಯಿಗೆ ಮಾರುತ್ತಿದ್ದರು. ಸಾಮಾನಿಗೆ ಹತ್ತಿರ ಹತ್ತಿರ 75. ಡಬ್ಬಿ, ಬಬಲ್ ಶೀಟು, ಟೇಪಿಗೆ 20. ಉಳಿದದ್ದು 85. ಒಂದು ಸೆಟ್ ಮುಗಿಸಲು ಎರಡೂವರೆ ತಾಸು ಬೇಕು. ತಾಸಿಗೆ 34 ರೂಪಾಯಿ ಬಿತ್ತು. ಗಿರಾಕಿಯ ಜತೆ ಬಣ್ಣದ ಮಾತುಕತೆ, ಫೋಟೊ, ಕೊರಿಯರ್ ಅಂಗಡಿಗೆ ಓಡಾಟ, ಕೆಟ್ಟು ಹೋದ ಬಳೆ, ಇವು ಯಾವುವೂ ಆ ಲೆಕ್ಕದಲ್ಲಿ ಇರಲಿಲ್ಲ. ಕೂಸನ್ನು ಎತ್ತಿಕೊಂಡು ತಿರುಗುವ ಅತ್ತೆಯ ಹೊತ್ತಂತೂ ಎಲ್ಲಿಯೂ ಇಲ್ಲ.

ಬೆಲೆ ಒಂದು ತೊಂದರೆ. ಅದಕ್ಕಿಂತ ದೊಡ್ಡದು ಕೆಲಸದ ಗುಣವೇ. ರೇಷ್ಮೆ ನೂಲಿನ ಬಳೆ ಮಾಡುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಇಪ್ಪತ್ತಕ್ಕೂ ಜಾಸ್ತಿ ಎಳೆಗಳನ್ನು ಒಟ್ಟಿಗೆ ಹಿಡಿದು, ಬಾಚಿ ನೇರ ಮಾಡಿ, ತುದಿಗೆ ಅಂಟು ಹಚ್ಚಿ, ಬಳೆಯ ಸುತ್ತ ಸಂದಿ ಬಿಡದಂತೆ ಸುತ್ತಬೇಕು. ಬಿಗಿ ಒಂದೇ ಸಮ ಇರಬೇಕು. ನಡುವೆ ಕೈ ಬಿಟ್ಟರೆ ನೂಲು ಸಡಿಲಾಗುತ್ತದೆ. ಎಳೆ ಒಂದರ ಮೇಲೊಂದು ಏರುತ್ತದೆ. ಹಚ್ಚಿದ ಅಂಟು ಗಂಟಾಗಿ ಒಣಗುತ್ತದೆ. ಆ ಬಳೆಯ ನೂಲು ಬಿಚ್ಚಿ ಎಸೆಯಬೇಕು ಅಷ್ಟೇ.

ಒಂದೂವರೆ ವರ್ಷದ ಕೂಸು ಇರುವ ತಾಯಿಗೆ ನಡುವೆ ಕೈ ಬಿಡದ ಅರ್ಧ ತಾಸು ಎಲ್ಲಿಂದ ಬರಬೇಕು? ಅಕ್ಕ ಪ್ರತಿ ಗಿರಾಕಿಗೂ ಐದು ದಿನದಲ್ಲಿ ಕೊಡುತ್ತೇನೆ ಎನ್ನುತ್ತಿದ್ದರು. ಕೆಲಸದ ತಾಸು ಕೂಡಿಸಿದರೆ ಐದು ದಿನ ಸಾಕು ಅನ್ನಿಸುತ್ತಿತ್ತು. ಆದರೆ ಆ ತಾಸುಗಳು ಹತ್ತು ನಿಮಿಷ, ಹದಿನೈದು ನಿಮಿಷದ ತುಂಡುಗಳಾಗಿ ಸಿಗುತ್ತಿದ್ದವು. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಎಷ್ಟು ಹೊತ್ತು ಸಿಗುತ್ತದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಎಂಥ ಹೊತ್ತು ಸಿಗುತ್ತದೆ ಎಂದು ಯಾರೂ ಬರೆದಿಡುವುದಿಲ್ಲ.

ಮಾಡಿ ನೋಡಿದ್ದು

ಮೊದಲು ರಾತ್ರಿ ಕೆಲಸ. ಕೂಸು ಮಲಗಿದ ಮೇಲೆ ಹತ್ತರಿಂದ ಒಂದರವರೆಗೆ ಕೂರುವುದು. ಕೈಗೆ ಪೂರ್ತಿ ಹೊತ್ತು ಸಿಕ್ಕಿತು, ನಿಜ. ಆದರೆ ಬಲ್ಬಿನ ಬೆಳಕಿನಲ್ಲಿ ಬಣ್ಣ ಮೋಸ ಮಾಡಿತು. ರಾತ್ರಿ ಸರಿಯಾಗಿ ಹೊಂದಿದೆ ಅನ್ನಿಸಿದ ಮರೂನ್ ನೂಲು ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ಕಂದು ಕಾಣುತ್ತಿತ್ತು. ಸೀರೆಗೆ ಹೊಂದದ ಬಳೆಗಳು ವಾಪಸ್ ಬಂದವು. ಮೇಲಾಗಿ ಕೂಸು ಆರಕ್ಕೇ ಎದ್ದು ಕೂರುತ್ತಿತ್ತು. ನಿದ್ದೆಗೆಟ್ಟ ತಾಯಿಯ ತಾಳ್ಮೆ ಮಧ್ಯಾಹ್ನದ ಹೊತ್ತಿಗೆ ಮುಗಿದು ಹೋಗುತ್ತಿತ್ತು.

ಆಮೇಲೆ ಮೊಬೈಲ್. ಹಾಡು ಹಚ್ಚಿ ಕೊಟ್ಟರೆ ಕೂಸು ಕದಲದೆ ಕೂರುತ್ತಿತ್ತು. ಕೆಲವೇ ವಾರಗಳಲ್ಲಿ ಮೊಬೈಲ್ ಇಲ್ಲದೆ ತುತ್ತು ಇಳಿಯದ ಸ್ಥಿತಿ ಬಂತು. ಒಂದು ವರ್ಷದ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡು ವರ್ಷವಾದ ಮೇಲೂ ದಿನಕ್ಕೆ ಒಂದು ತಾಸು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಚುಚ್ಚುಮದ್ದಿಗೆ ಹೋದಾಗ ನರ್ಸ್ ಕೂಡ ಅದನ್ನೇ ಹೇಳಿದರು. ಅಕ್ಕ ಮೊಬೈಲ್ ನಿಲ್ಲಿಸಿದರು. ಮೂರ್ನಾಲ್ಕು ದಿನ ಮನೆ ರಣರಂಗ. ಆಮೇಲೆ ತಣ್ಣಗಾಯಿತು.

ಅಷ್ಟರಲ್ಲಿ ಬೇಸಿಗೆ ಬಂತು. ಕಲಬುರಗಿಯ ಏಪ್ರಿಲ್, ಮೇ ಹೇಗಿರುತ್ತದೆ ಎಂದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಕ್ಕ ಕಲ್ಲುಗಳನ್ನು ಗ್ಲೂ ಗನ್ನಿನಿಂದ ಅಂಟಿಸುತ್ತಿದ್ದರು. ಬಿಸಿಗೆ ಕರಗುವ ಅಂಟು ಅದು. ಮುಚ್ಚಿದ ವ್ಯಾನಿನಲ್ಲಿ ದಿನವಿಡೀ ಕಾದ ಪಾರ್ಸಲ್ ಬಿಚ್ಚಿದರೆ ಕಲ್ಲುಗಳು ಡಬ್ಬಿಯ ತಳದಲ್ಲಿ. ಬಿ-7000 ಅಂಟಿಗೆ ಬದಲಾದರು. ಅದು ಬಿಸಿಲು ತಡೆಯುತ್ತದೆ, ಆದರೆ ಪೂರ್ತಿ ಗಟ್ಟಿಯಾಗಲು ಒಂದರಿಂದ ಎರಡು ದಿನ ಬೇಕು. ಅಷ್ಟು ಹೊತ್ತು ಹಸಿ ಬಳೆಗಳನ್ನು ಕೂಸಿನ ಕೈಗೆ ಸಿಗದಂತೆ ಎಲ್ಲೋ ಇಡಬೇಕು. ಐದು ದಿನದ ಮಾತು ಇಲ್ಲಿಯೇ ಬಿರುಕು ಬಿಟ್ಟಿತ್ತು. ಆದರೂ ಅದನ್ನು ಬದಲಿಸಿರಲಿಲ್ಲ.

ಮೊದಲ ತಿರುವು: ಮೂಗಿನೊಳಗಿನ ಮಣಿ

ಅದೇ ಬೇಸಿಗೆಯ ಒಂದು ಮಧ್ಯಾಹ್ನ ಅಕ್ಕ ಪಡಸಾಲೆಯಲ್ಲಿ ಜಮಖಾನ ಹಾಸಿ ಮಣಿ ಪೋಣಿಸುತ್ತಿದ್ದರು. ಕೂಸು ಒಳಗೆ ಅಜ್ಜಿಯ ಪಕ್ಕ ಮಲಗಿತ್ತು. ಬಾಗಿಲ ಹತ್ತಿರ ಯಾರೋ ಕರೆದರು. ಅಕ್ಕ ಹೋಗಿ ಬರುವಷ್ಟರಲ್ಲಿ ಕೂಸು ಎದ್ದು ಬಂದು ಜಮಖಾನದ ಮೇಲೆ ಕೂತಿತ್ತು. ಏನೂ ಚೆಲ್ಲಿರಲಿಲ್ಲ, ಅಳುವೂ ಇಲ್ಲ. ಸಂಜೆ ಮುಖ ಒರೆಸುವಾಗ ಅತ್ತೆ ಕೂಗಿದರು: “ಏ ತಂಗಿ, ಬಲಗಡಿ ಮೂಗಿನ್ಯಾಗ ಏನೋ ಬೆಳ್ಳಗ ಅದ, ನೋಡ ಬಾ.”

ಮುತ್ತಿನಂತೆ ಕಾಣುವ 4 ಮಿಲಿಮೀಟರ್ ಮಣಿ.

ನೆರೆಮನೆಯವರು ಹೇರ್‌ಪಿನ್ ತಂದರು. ಅತ್ತೆ ಅವರ ಕೈ ಹಿಡಿದು ನಿಲ್ಲಿಸಿದರು. “ಬ್ಯಾಡ್ರಿ, ದವಾಖಾನಿಗೆ ಹೋಗೋಣ.” ಆ ನಿರ್ಧಾರ ತುಂಬಾ ದೊಡ್ಡದು. ದುಂಡಗಿನ, ನುಣುಪಾದ ವಸ್ತುವನ್ನು ಪಿನ್ನಿನಿಂದಲೋ ಚಿಮುಟದಿಂದಲೋ ಎಳೆಯಲು ಹೋದರೆ ಜಾರಿ ಇನ್ನೂ ಒಳಗೆ ಹೋಗುತ್ತದೆ. ಹಿಂದಕ್ಕೆ ಬಿದ್ದು ಉಸಿರುನಾಳ ಸೇರುವ ಅಪಾಯವೂ ಇದೆ.

ಕಿವಿ-ಮೂಗು-ಗಂಟಲು ವೈದ್ಯರು ಟಾರ್ಚ್ ಹಾಕಿ ನೋಡಿದರು. ಉಪಕರಣ ಮುಟ್ಟಲಿಲ್ಲ. ಮಣಿ ಇಲ್ಲದ ಕಡೆಯ ಹೊಳ್ಳೆಯನ್ನು ತಮ್ಮ ಬೆರಳಿನಿಂದ ಒತ್ತಿ ಮುಚ್ಚಿದರು. ಕೂಸಿನ ಬಾಯಿಗೆ ಬಾಯಿ ಸೇರಿಸಿ ಒಮ್ಮೆ ಗಟ್ಟಿಯಾಗಿ ಊದಲು ಅಕ್ಕನಿಗೆ ಹೇಳಿದರು. ಮೊದಲ ಸಲ ಕೂಸು ತಲೆ ಕೊಡವಿತು. ಎರಡನೇ ಸಲಕ್ಕೆ ಮಣಿ ಸಿಂಬಳದ ಸಮೇತ ಹಾರಿ ಅಕ್ಕನ ಕೆನ್ನೆಗೆ ಅಂಟಿತು. ಬಾಯಿಂದ ನೂಕಿದ ಗಾಳಿ ಮೂಗಿನ ಹಿಂದಿನಿಂದ ಬಂದು ಮಣಿಯನ್ನು ಮುಂದಕ್ಕೆ ತಳ್ಳುತ್ತದೆ. ಎಲ್ಲ ಸಲವೂ ಇದು ಫಲಿಸುವುದಿಲ್ಲ, ವೈದ್ಯರ ಎದುರಿಗೇ ಮಾಡಬೇಕಾದ ಕೆಲಸ. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ಮಗುವಿನ ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬರುತ್ತಿದ್ದರೆ ಅದನ್ನು ನೆಗಡಿ ಅಂದುಕೊಂಡು ಬಿಡಬೇಡಿ, ಒಳಗೆ ಏನೋ ಸಿಕ್ಕಿರಬಹುದು.

ವ್ಯಾಪಾರ ಬಿಡಬೇಕು ಎಂಬ ಮಾತು ಆ ರಾತ್ರಿ ಮನೆಯಲ್ಲಿ ಬಂತು. ಗಂಡ ಬಿಟ್ಟುಬಿಡು ಎಂದರು. ಅತ್ತೆ ಒಪ್ಪಲಿಲ್ಲ. ಮಣಿ ನೆಲಕ್ಕೆ ಬರದಂತೆ ಮಾಡಿದರೆ ಸಾಕು, ಕೆಲಸ ಯಾಕೆ ಬಿಡಬೇಕು ಎಂದು ಕೇಳಿದರು. ಅಕ್ಕ ಅತ್ತೆಯ ಮಾತು ಹಿಡಿದರು.

ಜಮಖಾನ ಹೋಯಿತು. ರೊಟ್ಟಿ ಹಿಟ್ಟು ನಾದುವ ಹಳೆಯ ಸ್ಟೀಲ್ ಪರಾತ ಬಂತು. ಅದರೊಳಗೆ ಒಂದು ಹಳೆಯ ಟವೆಲ್ ಹಾಸಿ, ಅದರ ಮೇಲೆ ಮಣಿ ಸುರಿಯುತ್ತಾರೆ. ಟವೆಲ್ ಮೇಲೆ ಮಣಿ ಪುಟಿಯುವುದಿಲ್ಲ, ಉರುಳುವುದಿಲ್ಲ. ಜಾರಿದರೂ ಪರಾತದ ಅಂಚು ತಡೆಯುತ್ತದೆ. ಪಕ್ಕದಲ್ಲೇ ಕೊಂಡಿ ಇರುವ ಟ್ರಂಕು. ಯಾರಾದರೂ ಕರೆದರೆ ಪರಾತ ಎತ್ತಿ ಟ್ರಂಕಿನೊಳಗಿಟ್ಟು ಕೊಂಡಿ ಹಾಕಿಯೇ ಏಳುವುದು. ಕೆಲಸ ಮುಗಿದ ಮೇಲೆ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ನೆಲಕ್ಕೆ ಮಲಗಿಸಿ ಹಚ್ಚುತ್ತಾರೆ. ಅಡ್ಡ ಬೆಳಕಿಗೆ ಸಾಸಿವೆಯಷ್ಟು ಮಣಿಗೂ ಉದ್ದ ನೆರಳು ಬೀಳುತ್ತದೆ. ಗುಡಿಸಿದ ಮೇಲೂ ಉಳಿದದ್ದು ಆಗ ಕಾಣುತ್ತದೆ. ಈ ಉಪಾಯ ನಾನೂ ನನ್ನ ಮನೆಯಲ್ಲಿ ಮಾಡಿ ನೋಡಿದ್ದೇನೆ, ಕೆಲಸ ಮಾಡುತ್ತದೆ.

ಜತೆಗೆ ಮನೆಯಲ್ಲಿ ಕೆಲವು ಸಾಮಾನು ಪೂರ್ತಿ ನಿಂತವು. ಆಯಸ್ಕಾಂತದ ಕೊಂಡಿ ಇರುವ ಸರ ಮಾಡುವುದನ್ನು ಬಿಟ್ಟರು. ಮಗು ಎರಡು ಆಯಸ್ಕಾಂತ ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಎಳೆದು ಕರುಳಿಗೆ ತೂತು ಮಾಡಬಲ್ಲವು. ಪಾರ್ಸಲ್ ತೂಗುವ ಪುಟ್ಟ ತಕ್ಕಡಿಯಲ್ಲಿ ಬಟನ್ ಸೆಲ್ ಇತ್ತು, ಅದನ್ನೂ ಮನೆಯಿಂದ ಹೊರಗೆ ಹಾಕಿದರು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ತಾಸಿನಲ್ಲಿ ಒಳಗೆ ಸುಡುತ್ತದೆ. ಉಳಿದ ಸಾಮಾನಿಗೆ ಅಕ್ಕ ಒಂದು ಅಳತೆ ಇಟ್ಟುಕೊಂಡಿದ್ದಾರೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಅದರೊಳಗೆ ಇಳಿಯುವ ಯಾವ ವಸ್ತುವೂ ಅಷ್ಟು ಚಿಕ್ಕ ಮಕ್ಕಳಿಗೆ ಅಪಾಯ. ಆಭರಣದ ಸಾಮಾನೆಲ್ಲ ಅದರೊಳಗೇ ಇಳಿಯುತ್ತದೆ, ಅಲ್ವಾ? ಹಾಗಾಗಿ ಎಲ್ಲವೂ ಟ್ರಂಕಿಗೇ.

ಎರಡನೇ ತಿರುವು: ಅತ್ತೆ ಇಲ್ಲದ ತಿಂಗಳು

ಮಳೆಗಾಲದಲ್ಲಿ ಅತ್ತೆ ಮಗಳ ಬಾಣಂತನಕ್ಕೆ ಹೊರಟರು. ಅದೇ ಹೊತ್ತಿಗೆ ಅಕ್ಕ ಒಂದು ಕುಬಸದ ಆರ್ಡರ್ ಹಿಡಿದಿದ್ದರು. ಬಸುರಿಗೆ ಸೀರೆ ಬಣ್ಣದ ಒಂದು ದೊಡ್ಡ ಸೆಟ್, ಬಂದ ಮುತ್ತೈದೆಯರಿಗೆ ಕೊಡಲು ಇಪ್ಪತ್ತು ಜೊತೆ ಹಸಿರು ಬಳೆ. ಅಷ್ಟು ದೊಡ್ಡ ಆರ್ಡರ್ ಅದುವರೆಗೆ ಬಂದಿರಲಿಲ್ಲ. ಅರ್ಧ ದುಡ್ಡು ಮುಂಗಡ ಬಂದಿತ್ತು.

ಕೂಸಿಗೆ ಜ್ವರ ಬಂತು. ಮಡಿಲಿಂದ ಇಳಿಯಲಿಲ್ಲ. ಗಂಡ ಎರಡು ದಿನ ರಜೆ ಹಾಕಿದರು, ಮೂರನೇ ದಿನ ಹೋಗಲೇಬೇಕಾಯಿತು. ಕುಬಸ ಮುಂದೆ ಹಾಕುವ ಕಾರ್ಯವಲ್ಲ. ಎರಡು ದಿನ ಬಾಕಿ ಇರುವಾಗ ಹನ್ನೊಂದು ಜೊತೆ ಮುಗಿದಿದ್ದವು.

ಇಲ್ಲಿ ಅಕ್ಕನಿಗೆ ಎರಡು ದಾರಿ ಇದ್ದವು. ಸುಮ್ನೆ ಕೊನೆಯವರೆಗೆ ಎಳೆದು, ಆಗಲಿಲ್ಲ ಎಂದು ಕೈಚೆಲ್ಲುವುದು ಒಂದು. ಎರಡು ದಿನ ಮೊದಲೇ ಫೋನ್ ಮಾಡಿ ಹೇಳುವುದು ಇನ್ನೊಂದು. ಅವರು ಫೋನ್ ಮಾಡಿದರು. ದೊಡ್ಡ ಸೆಟ್ ಮತ್ತು ಹನ್ನೊಂದು ಜೊತೆ ಇವತ್ತೇ ಕಳಿಸುತ್ತೇನೆ, ಉಳಿದದ್ದನ್ನು ನೀವು ಸೂಪರ್ ಮಾರ್ಕೆಟ್ ಬಜಾರಿನಿಂದ ಗಾಜಿನ ಬಳೆ ತಂದು ತುಂಬಿಸಿಕೊಳ್ಳಿ, ಮುಂಗಡ ಪೂರ್ತಿ ವಾಪಸ್ ಹಾಕುತ್ತೇನೆ ಎಂದರು. ಹಾಕಿದರು. ಸಾಮಾನಿನ ದುಡ್ಡು ಕೈಬಿಟ್ಟಿತು. ಆ ಮನೆಯವರು ಜಗಳ ಮಾಡಲಿಲ್ಲ, ಮತ್ತೆ ಆರ್ಡರ್ ಕೂಡ ಕೊಡಲಿಲ್ಲ.

ಮಾರನೆಯ ವಾರ ನಾವಿಬ್ಬರೂ ವಹಿ ಹಿಡಿದು ಕೂತೆವು. ಬ್ಯಾಂಕಿನಿಂದ ಮುದ್ರಾ ಸಾಲ ತೆಗೆದು ವ್ಯಾಪಾರ ದೊಡ್ಡದು ಮಾಡು ಎಂದು ನೆಂಟರೊಬ್ಬರು ಅವರಿಗೆ ಹೇಳಿದ್ದರು. ಶಿಶು ಎಂಬ ಹಂತದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. ಅಕ್ಕ ಬೇಡ ಎಂದರು. ಸಾಲದ ದುಡ್ಡಿನಲ್ಲಿ ನೂಲು ಬರುತ್ತದೆ, ಹೊತ್ತು ಬರುವುದಿಲ್ಲ ಎಂಬುದು ಅವರ ಮಾತು. ಆ ಮಾತು ನನಗೆ ಸರಿ ಅನ್ನಿಸಿತು. ಅವರ ವ್ಯಾಪಾರ ಅದುವರೆಗೆ ಅತ್ತೆಯ ಮೇಲೆ ನಿಂತಿತ್ತು. ವಹಿಯಲ್ಲಿ ಅತ್ತೆಯ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ.

ಬದಲಿಸಿದ್ದು

ಕೆಲಸವನ್ನು ಎರಡು ಭಾಗ ಮಾಡಿದರು. ನಡುವೆ ಬಿಟ್ಟರೆ ಕೆಡುವ ಕೆಲಸ, ನಡುವೆ ಬಿಟ್ಟರೂ ಕೆಡದ ಕೆಲಸ. ನೂಲು ಸುತ್ತುವುದು, ಕಲ್ಲು ಅಂಟಿಸುವುದು, ಮಣಿ ಪೋಣಿಸುವುದು ಮೊದಲ ಭಾಗ. ಡಬ್ಬಿ ಮಡಚುವುದು, ವಿಳಾಸ ಬರೆಯುವುದು, ಗಿರಾಕಿಗೆ ಉತ್ತರಿಸುವುದು ಎರಡನೆಯದು. ಮೊದಲ ಭಾಗ ಕೂಸು ಮಲಗಿದಾಗ ಇಲ್ಲವೇ ಬೇರೆಯವರ ಕೈಯಲ್ಲಿ ಇದ್ದಾಗ ಮಾತ್ರ. ಅದರಲ್ಲೂ ಬಣ್ಣ ಹೊಂದಿಸುವುದು ಹಗಲಿನಲ್ಲೇ. ನೂಲು ಸುತ್ತುವಾಗ ಬಟ್ಟೆ ಒಣ ಹಾಕುವ ಕ್ಲಿಪ್ ಒಂದು ಪಕ್ಕದಲ್ಲಿರುತ್ತದೆ. ಕೂಸು ಎದ್ದು ಅತ್ತರೆ, ಸುತ್ತಿದಲ್ಲಿಗೇ ಕ್ಲಿಪ್ ಕಚ್ಚಿಸಿ ಓಡುತ್ತಾರೆ. ಬಿಗಿ ಹೋಗುವುದಿಲ್ಲ, ಎಷ್ಟೋ ಬಳೆ ಹಾಗೆ ಉಳಿದಿವೆ.

ನಾಲ್ಕು ಮನೆ ಆಚೆಯ ಕಾಕು (ಚಿಕ್ಕಮ್ಮ) ಒಬ್ಬರು ದಿನಾ ಬೆಳಿಗ್ಗೆ ಎರಡು ತಾಸು ಕೂಸನ್ನು ನೋಡಿಕೊಳ್ಳಲು ಒಪ್ಪಿದರು. ಅವರಿಗೆ ತಿಂಗಳಿಗೆ ದುಡ್ಡು ಕೊಡುತ್ತಾರೆ. ಅತ್ತೆ ವಾಪಸ್ ಬಂದ ಮೇಲೂ ಅದನ್ನು ನಿಲ್ಲಿಸಲಿಲ್ಲ. ಅತ್ತೆಗೂ ಪಂಚಮಿ, ದೀಪಾವಳಿಗೆ ವ್ಯಾಪಾರದ ಲೆಕ್ಕದಿಂದಲೇ ದುಡ್ಡು ಹೋಗುತ್ತದೆ. ಮೊದಲ ಸಲ ಅತ್ತೆ ತೆಗೆದುಕೊಳ್ಳಲು ಒಪ್ಪಲಿಲ್ಲ. “ಮನಿ ಕೂಸಿಗಿ ಕೂಲಿ ಏನಬೇ?” ಎಂದು ಸಿಟ್ಟಾದರು. ನೀವು ಕೊಟ್ಟ ಬಂಡವಾಳ ಇದು, ವಾಪಸ್ ಬರುತ್ತಿದೆ ಎಂದು ಅಕ್ಕ ಅವರ ಕೈಗಿಟ್ಟರು.

ಈ ಎಲ್ಲ ಖರ್ಚು ಸೇರಿಸಿ ಹೊಸ ಬೆಲೆ ಹಾಕಿದಾಗ ಸೆಟ್‌ಗೆ 290 ರೂಪಾಯಿ ಬಂತು. ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಹಳೆಯ ಗಿರಾಕಿಗಳಿಗೆ ಒಂದು ತಿಂಗಳು ಮೊದಲೇ ತಿಳಿಸಿ ಬೆಲೆ ಬದಲಿಸಿದರು. ಮಾರ್ಕೆಟ್‌ನಲ್ಲಿ ಇದಕ್ಕಿಂತ ಅಗ್ಗ ಸಿಗುತ್ತದೆ ಎಂದವರು ಇದ್ದರು. ಅವರ ಜತೆ ಚೌಕಾಸಿಗೆ ಕೂರಲಿಲ್ಲ. ಎರಡು ತಿಂಗಳು ಆರ್ಡರ್ ಇಳಿಯಿತು, ಆ ಹೊತ್ತಿನಲ್ಲಿ ತಯಾರು ಮಾಲು ಮಾಡಿಟ್ಟರು.

ತಯಾರು ಮಾಲೇ ಈಗ ಅವರ ವ್ಯಾಪಾರದ ಬೆನ್ನೆಲುಬು. ಆರು ಬಣ್ಣ, ಮೂರು ಅಳತೆ. ಇದ್ದದ್ದರಲ್ಲಿ ಆರಿಸಿಕೊಂಡರೆ ಎರಡೇ ದಿನದಲ್ಲಿ ಪಾರ್ಸಲ್ ಹೋಗುತ್ತದೆ. ಸೀರೆಗೆ ಹೊಂದಿಸುವ ಆರ್ಡರ್‌ಗೆ ಬಾಗಿಲು ಮುಚ್ಚಿದರು. ಕುಬಸದವರಿಗೆ ಹಸಿರು ಬಳೆ ತಯಾರಿದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಾರೆ.

ವಾಪಸ್ ಬರುವ ಬಳೆಗಳಲ್ಲಿ ಜಾಸ್ತಿ ಪಾಲು ಅಳತೆ ತಪ್ಪಿದವು. ಎರಡು-ನಾಲ್ಕು ಎಂಬ ಅಳತೆಯನ್ನು ಬಹಳ ಜನ 2.4 ಇಂಚು ಅಂದುಕೊಳ್ಳುತ್ತಾರೆ. ಅದು ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು. ಮಿಲಿಮೀಟರಿನಲ್ಲಿ 57. ಎರಡು-ಆರು ಅಂದರೆ 60ರ ಮೇಲೆ ಚೂರು, ಎರಡು-ಎಂಟು ಅಂದರೆ 63.5. ಈಗ ಅಕ್ಕ ಗಿರಾಕಿಗೆ ಅಳತೆ ಕೇಳುವುದಿಲ್ಲ. ಕೈಗೆ ಸರಿಯಾಗಿ ಕೂರುವ ಬಳೆಯನ್ನು ಸ್ಕೇಲಿನ ಮೇಲಿಟ್ಟು ಒಳಗಿನ ಅಗಲದ ಫೋಟೊ ಕಳಿಸಿ ಎನ್ನುತ್ತಾರೆ. ನೂಲು ಸುತ್ತಿದ ಮೇಲೆ ಬಳೆ ಒಳಗೆ ಸ್ವಲ್ಪ ಬಿಗಿಯಾಗುವುದರಿಂದ, ಎರಡು ಅಳತೆಯ ನಡುವೆ ಬಂದರೆ ದೊಡ್ಡದನ್ನೇ ಕಳಿಸುತ್ತಾರೆ. ವಾಪಸ್ ಬರುವುದು ತೀರಾ ಕಡಿಮೆಯಾಗಿದೆ.

ಇನ್ನೊಂದು ನಿರ್ಧಾರವನ್ನು ನಾನು ತುಂಬಾ ಗೌರವದಿಂದ ನೋಡುತ್ತೇನೆ. ತೊಟ್ಟಿಲ ಕಾರ್ಯಕ್ರಮಕ್ಕೆ, ಮೊದಲ ಹುಟ್ಟುಹಬ್ಬಕ್ಕೆ ಪುಟ್ಟ ಮಕ್ಕಳ ಬಳೆ ಕೇಳುವವರು ಬಹಳ. ಒಳ್ಳೆಯ ಬೆಲೆಯೂ ಸಿಗುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಕಲ್ಲು, ಮಣಿ ಅಂಟಿಸಿದ ಯಾವುದನ್ನೂ ಅಕ್ಕ ಮಾಡಿಕೊಡುವುದಿಲ್ಲ. ಬರೀ ನೂಲಿನ ಬಳೆ ಬೇಕಾದರೆ ಕೊಡುತ್ತಾರೆ. ಕಾರಣವನ್ನೂ ಹೇಳುತ್ತಾರೆ.

ಕಾಗದಪತ್ರದ ಕಡೆ ಜಾಸ್ತಿ ಹೇಳುವುದಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡರು. ಸರ್ಕಾರಿ ತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವವರನ್ನು ನಂಬಬೇಡಿ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಅಕ್ಕ ಅದರ ಹತ್ತಿರವೂ ಇಲ್ಲ. ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ನೋಡಿ ಪಾರ್ಸಲ್ ಕಳಿಸುವುದನ್ನು ನಿಲ್ಲಿಸಿದ್ದಾರೆ. ತಮ್ಮ ಖಾತೆಯಲ್ಲಿ ದುಡ್ಡು ಕಂಡ ಮೇಲೆಯೇ ಡಬ್ಬಿಗೆ ಟೇಪು.

ಈಗಿನ ಸ್ಥಿತಿ

ತಿಂಗಳಿಗೆ ಮಾರುವ ಸೆಟ್‌ಗಳು ಮೊದಲಿಗಿಂತ ಕಡಿಮೆ. ಕಾಕುವಿನ ದುಡ್ಡು ಕೊಟ್ಟ ಮೇಲೂ ಕೈಯಲ್ಲಿ ಉಳಿಯುವುದು ಮೊದಲಿಗಿಂತ ಜಾಸ್ತಿ. ರಾತ್ರಿ ಹತ್ತರ ಮೇಲೆ ಅಕ್ಕ ಕೆಲಸಕ್ಕೆ ಕೂರುವುದಿಲ್ಲ. ಪಂಚಮಿಯ ಹದಿನೈದು ದಿನ ಮಾತ್ರ ಈ ನಿಯಮ ಮುರಿಯುತ್ತದೆ, ಅದನ್ನು ಇನ್ನೂ ಸರಿ ಮಾಡಲು ಆಗಿಲ್ಲ. ಎಲ್ಲ ಮನೆಗೂ ಇದೇ ದಾರಿ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಅತ್ತೆ ಇಲ್ಲದ, ಕಾಕು ಸಿಗದ ಮನೆಯಲ್ಲಿ ನೂಲಿನ ಬಳೆಯನ್ನೇ ಹಿಡಿದು ಕೂರುವುದಕ್ಕಿಂತ, ನಡುವೆ ಬಿಟ್ಟರೂ ಕೆಡದ ಕೆಲಸವಿರುವ ಮಾಲನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮಾಲು ಆರಿಸುವ ಮೊದಲೇ ಒಂದು ವಾರ, ಕೈಗೆ ಸಿಕ್ಕ ಹೊತ್ತು ಎಷ್ಟೆಷ್ಟು ನಿಮಿಷದ ತುಂಡುಗಳಲ್ಲಿ ಬಂತು ಎಂದು ಬರೆದು ನೋಡಿ ಎಂದು ನಾನೀಗ ಎಲ್ಲರಿಗೂ ಹೇಳುತ್ತೇನೆ.

ಕೂಸಿಗೆ ಬರುವ ವರ್ಷ ಮೂರು ತುಂಬುತ್ತದೆ. ಅಂಗನವಾಡಿಗೆ ಕಳಿಸುವುದು ಎಂದು ಮನೆಯಲ್ಲಿ ಮಾತಾಗಿದೆ. ಬಣ್ಣ ಹೊಂದಿಸುವ ಆರ್ಡರ್ ಮತ್ತೆ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಗಿರಾಕಿಗಳು ಈಗಲೇ ಕೇಳುತ್ತಿದ್ದಾರೆ. ಅಕ್ಕ ದಿನಾಂಕ ಕೊಟ್ಟಿಲ್ಲ. ಅಂಗನವಾಡಿ ಶುರುವಾದ ಮೇಲೆ ಮೂರು ತಿಂಗಳು ಬೆಳಗಿನ ಹೊತ್ತನ್ನು ವಹಿಯಲ್ಲಿ ಬರೆದು ನೋಡಿ, ಜ್ವರ, ನೆಗಡಿ, ರಜೆ ಎಲ್ಲ ಕಳೆದು ಉಳಿದದ್ದೆಷ್ಟು ಎಂದು ತಿಳಿದ ಮೇಲೆ ಹೇಳುತ್ತೇನೆ ಎಂದಿದ್ದಾರೆ.